ಚಕ್ಕಾ ಬಟ್ಟೆಯ ಕಾಫಿ

ಚಾರುಲತಾ ಮನಸ್ಸು ಮಾಡಿದಳೆಂದರೆ ಮುಗಿಯಿತು, ಬ್ರಹ್ಮನೇ ಬಂದರೂ ಹಿಂದೆ ಸರಿಯುವವಳಲ್ಲ. ಮಾವನ ಬಾಯಿಂದ ‘ಇನ್ನೊಂದು ಲೋಟ ಕೊಡಮ್ಮಾ’ ಅನ್ನಿಸಬೇಕು, ಅಷ್ಟೇ. ನಾಗಪುರದ ಧರಮಪೇಠದ ಮರಾಠಿ ಹುಡುಗಿ ಅದೇ ಊರಿನ ಮನೀಶ್ ನಗರದ ಈ ಕನ್ನಡ ಮನೆಗೆ ಸೊಸೆಯಾಗಿ ಬಂದು ವರ್ಷ ಕಳೆದಿತ್ತು. ಅವಳ ಜುಣಕಾ ಭಾಕರಿಯನ್ನು ಕೇಳಿ ಕೇಳಿ ಬಡಿಸಿಕೊಳ್ಳುತ್ತಿದ್ದ ಮಾವ ಶಂಕರಪ್ಪನವರು ಕಾಫಿಯ ಹತ್ತಿರ ಮಾತ್ರ ಅವಳನ್ನು ಬಿಟ್ಟುಕೊಂಡಿರಲಿಲ್ಲ.

ಅರಸೀಕೆರೆಯಿಂದ ರೈಲ್ವೆ ಕೆಲಸಕ್ಕೆಂದು ನಾಗಪುರಕ್ಕೆ ಬಂದು ಇಲ್ಲೇ ರಿಟೈರಾದ ಮನುಷ್ಯ. ತಮ್ಮ ಹಿತ್ತಾಳೆ ಫಿಲ್ಟರನ್ನು ತಾವೇ ತೊಳೆದು, ತಾವೇ ಡಿಕಾಕ್ಷನ್ ಇಳಿಸಿಕೊಳ್ಳುತ್ತಿದ್ದರು. ಮೊನ್ನೆ ಅದನ್ನು ಹಿಡಿದುಕೊಂಡೇ ಅಡುಗೆಮನೆಯಲ್ಲಿ ಜಾರಿ ಬಿದ್ದರು ನೋಡಿ, ಬಲಗೈಗೆ ಪ್ಲಾಸ್ಟರ್, ಫಿಲ್ಟರಿಗೆ ಸೊಟ್ಟ ಮೂತಿ! ಹೊಸದು ತರಿಸೋಣವೆಂದರೆ ಬೇಡವೇ ಬೇಡವೆಂದು ಹಟ. ಸಾಲದ್ದಕ್ಕೆ, ಬಿಪಿ ನೋಡಿದ ಡಾಕ್ಟರು ಇನ್ನು ದಿನಕ್ಕೆ ಒಂದೇ ಲೋಟ ಎಂದು ಕಟ್ಟಪ್ಪಣೆ ಮಾಡಿದ್ದರು.

“ನಾನು ಮಾಡ್ತೀನಿ ಬಾಬಾ, ಬರೋಬರ್ ಮಾಡ್ತೀನಿ,” ಎಂದು ಚಾರುಲತಾ ದುಪಟ್ಟಾ ಸೊಂಟಕ್ಕೆ ಬಿಗಿದಳು. ತವರುಮನೆಯ ರೀತಿಯಲ್ಲಿ ಪುಡಿಯನ್ನು ಹಾಲಿಗೇ ಹಾಕಿ ಕುದಿಸಿ, ಮೇಲೆ ಜಾಯಿಕಾಯಿ ತೇಯ್ದು ತಂದಿಟ್ಟಳು.

ಶಂಕರಪ್ಪನವರು ಒಂದು ಗುಟುಕು ಕುಡಿದರು. “ಪಾಯಸ ಚೆನ್ನಾಗಿದೆ ಕಣಮ್ಮಾ. ಕಾಫಿ ಯಾವಾಗ?”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇರಲಿ, ಫಿಲ್ಟರ್ ಇಲ್ಲದಿದ್ದರೇನು, ಶ್ರೀಖಂಡಕ್ಕೆ ಮೊಸರು ಕಟ್ಟಿ ನೇತುಹಾಕುವ ಚಕ್ಕಾ ಬಟ್ಟೆ ಇಲ್ಲವೇ? ತಾಯಿ ಕೊಟ್ಟಿದ್ದ ಹೊಸ ತುಂಡೊಂದನ್ನು ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದಳು. ಮರುದಿನ ಪಾತ್ರೆಯಲ್ಲಿ ಪುಡಿ ಹಾಕಿ, ಕೊತಕೊತ ಕುದಿಯುವ ನೀರು ಹೊಯ್ದು, ಬಟ್ಟೆಗೆ ಸುರಿದಳು. ಆಫೀಸಿಗೆ ಹೊತ್ತಾಗಿತ್ತು. ಮೊಸರನ್ನು ಹಿಂಡುವ ಹಾಗೆ ಗಟ್ಟಿಯಾಗಿ ಹಿಂಡಿಬಿಟ್ಟಳು.

“ಘಮ ಬಂದಿದೆ,” ಎಂದರು ಶಂಕರಪ್ಪ. “ಆದರೆ ಕಹಿ. ತಳದಲ್ಲಿ ಗಸಿ ಬೇರೆ. ಹಿಂಡಿದ್ಯಾ?”

“ಜಲ್ದಿ ಇತ್ತು ಬಾಬಾ.”

“ನಿನಗಿತ್ತು. ಕಾಫಿಗಿರಲಿಲ್ಲ.”

ಅಂದರೂ ಅರ್ಧ ಲೋಟ ಖಾಲಿಯಾಗಿದ್ದುದನ್ನು ಚಾರುಲತಾ ಕಂಡಳು. ಗೆದ್ದೆ ಅಂದುಕೊಂಡಳು.

ಭಾನುವಾರ ಬಂತು. ನೀರು ಕುದಿದ ಮೇಲೆ ಒಲೆಯಿಂದ ಇಳಿಸಿ, ಗುಳ್ಳೆ ಅಡಗುವವರೆಗೂ ಬಿಟ್ಟಳು. ಮೊದಲು ಪುಡಿ ನೆನೆಯುವಷ್ಟೇ ನೀರು ಚಿಮುಕಿಸಿ ಮುಚ್ಚಿಟ್ಟಳು. ಅದು ಉಬ್ಬಿದ ಮೇಲೆ ಉಳಿದದ್ದನ್ನು ಹೊಯ್ದು ಮತ್ತೆ ಮುಚ್ಚಿದಳು. ಆಮೇಲೆ ಎಲ್ಲವನ್ನೂ ಬಟ್ಟೆಗೆ ಸುರಿದು, ತಾಯಿ ಚಕ್ಕಾ ಕಟ್ಟುವಂತೆ ಸಿಂಕಿನ ನಲ್ಲಿಗೆ ಗಂಟು ಹಾಕಿ, ಕೆಳಗೆ ಪಾತ್ರೆ ಇಟ್ಟಳು. ತೊಟ್ಟು ತೊಟ್ಟಾಗಿ ಇಳಿಯತೊಡಗಿತು. ಹಿಂಡಲು ಕೈ ತುರಿಸುತ್ತಿತ್ತು. ಕೈಕಟ್ಟಿ ನಿಂತಳೇ ಹೊರತು ಮುಟ್ಟಲಿಲ್ಲ. ಹಾಲು ಆಗಷ್ಟೇ ಉಕ್ಕಿ ಬಂದಿತ್ತು; ಬಿಸಿಬಿಸಿಯಾಗಿ ಬೆರೆಸಿ ನೊರೆಯೆಬ್ಬಿಸಿ ಕೊಟ್ಟಳು.

ಶಂಕರಪ್ಪನವರು ಎಡಗೈಯಲ್ಲಿ ಲೋಟ ಎತ್ತಿ, ಕಣ್ಣು ಮುಚ್ಚಿ ಕೊನೆಯ ಹನಿಯವರೆಗೂ ಕುಡಿದರು. ಖಾಲಿ ಲೋಟವನ್ನು ನೋಡಿದರು, ಅಡುಗೆಮನೆಯತ್ತ ನೋಡಿದರು, ಗಂಟಲು ಸರಿಮಾಡಿಕೊಂಡರು.

“ಚಾರೂ, ಇನ್ನೊಂದು ಲೋಟ ಕೊಡಮ್ಮಾ.”

ಅಬ್ಬಾ, ಅವಳ ಖುಷಿಯೇ! ಕುಣಿದುಬಿಡಬೇಕು ಅನ್ನಿಸಿತು. ಡಿಕಾಕ್ಷನ್ ಇತ್ತು, ಹಾಲೂ ಇತ್ತು.

“ಡಾಕ್ಟರ್ ಏನು ಹೇಳಿದಾರೆ? ನಾಳೆ ಬೆಳಿಗ್ಗೆ, ಬಾಬಾ.”

“ಅರ್ಧ?”

“ನಾಳೆ.”

ಉಳಿದ ಡಿಕಾಕ್ಷನ್ನಿಗೆ ಹಾಲು ಬೆರೆಸಿಕೊಂಡು ಅವರೆದುರಿಗೇ ಕುಳಿತು ಕುಡಿದಳು, ಗಟ್ಟಿಗಿತ್ತಿ. ಶಂಕರಪ್ಪನವರು ಅವಳ ಲೋಟವನ್ನೇ ನೋಡುತ್ತ ಸ್ವಲ್ಪ ಹೊತ್ತು ಗೊಣಗಿದರು.

“ಆಯ್ತು, ನಾಳೆ ಬೇಗ ಏಳು,” ಎಂದರು ಕೊನೆಗೆ. “ಮತ್ತೆ ಆ ಬಟ್ಟೆಗೆ ಇನ್ಮೇಲೆ ಮೊಸರು ಮುಟ್ಟಿಸಬೇಡ, ತಿಳೀತಾ?”