ಕೆಂಪು ದಾರದ ಗುಂಡಿ

ಆಸ್ಪತ್ರೆಯ ಲಾಂಡ್ರಿಯ ಪಕ್ಕದ ಹೊಲಿಗೆ ಕೋಣೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಹರಿದ ಹೊದಿಕೆಯನ್ನೋ ದಿಂಬಿನ ಚೀಲವನ್ನೋ ಬೆಳಕಿಗೆ ಹಿಡಿದು ನೋಡಿ, ಇದು ಇನ್ನು ತೇಪೆ ತಡೆಯುವುದಿಲ್ಲ ಅನ್ನಿಸಿದರೆ ಮೂಲೆಗೆ ಕೆಂಪು ದಾರದ ನಾಲ್ಕು ಹೊಲಿಗೆ ಹಾಕಬೇಕು. ಕೆಂಪು ದಾರ ಬಿದ್ದ ಬಟ್ಟೆ ಮತ್ತೆ ವಾರ್ಡಿಗೆ ಹೋಗುವಂತಿಲ್ಲ. ಅದು ಆ ಕೋಣೆಯ ಸ್ವತ್ತು. ಅದನ್ನು ಕತ್ತರಿಸಿ, ಆಗಷ್ಟೇ ಹುಟ್ಟಿದ ಕೂಸುಗಳನ್ನು ಸುತ್ತುವ ಬಟ್ಟೆ ಮಾಡುತ್ತಿದ್ದರು. ನೂರಾರು ಸಲ ಒಗೆಸಿಕೊಂಡು ಬಂದ ಬಟ್ಟೆಯ ಆ ಮೆದುತನ ಹೊಸ ಬಟ್ಟೆಯಲ್ಲಿ ಎಲ್ಲಿ ಸಿಗಬೇಕು ಹೇಳಿ!

ಆ ಕೋಣೆಯ ಏಳು ಹೆಂಗಸರಲ್ಲಿ ಹಿರಿಯವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕನ ಗಂಡ ಅದೇ ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವವನು, ಜೊತೆಗೆ ನೌಕರರ ಸಂಘದ ಕಾರ್ಯದರ್ಶಿ. ಸಂಬಳದ ಮಾತುಕತೆ ಶುರುವಾಗಿ ಹದಿನಾಲ್ಕು ತಿಂಗಳಾಗಿತ್ತು. ಆಡಳಿತದವರನ್ನು ಕೇಳಿದರೆ "ಪರಿಶೀಲನೆಯಲ್ಲಿದೆ". ಸಂಘವನ್ನು ಕೇಳಿದರೆ "ಮುಂದಿನ ವಾರ". ಜನ ರೋಸಿಹೋಗಿದ್ದರು. ಆಡಳಿತದವರು ಕೈಗೆ ಸಿಗುತ್ತಿರಲಿಲ್ಲ, ಕಾರ್ಯದರ್ಶಿ ದಿನಾ ಸಿಗುತ್ತಿದ್ದ. ಹಾಗಾಗಿ ಬೈಗುಳವೆಲ್ಲ ಅವನ ಪಾಲಿಗೆ. ಕೊನೆಕೊನೆಗೆ ಅವನ ಹೆಸರೇ 'ಮುಂದಿನ ವಾರ' ಎಂದಾಯಿತು.

"ಅಕ್ಕಾ, ಮುಂದಿನ ವಾರ ಊಟಕ್ಕೆ ಬಂದ್ರಾ?" ಎಂದು ಇಸ್ತ್ರಿಯವನು ಬಾಗಿಲಲ್ಲಿ ನಿಂತು ಕೇಳಿದರೆ ಇಡೀ ಲಾಂಡ್ರಿಯೇ ಬಿದ್ದು ಬಿದ್ದು ನಗುತ್ತಿತ್ತು. ಅಕ್ಕನೂ ನಗುತ್ತಿದ್ದಳು. ಒಳಗೆ ಹೊಟ್ಟೆ ಉರಿಯುತ್ತಿತ್ತು, ಆ ಮಾತು ಬೇರೆ. ಮಾತುಕತೆ ಮುಗಿಸಿ ಬಂದ ದಿನ ಈ ಮನುಷ್ಯ ಮನೆಯಲ್ಲೂ ಬಾಯಿಗೆ ಬೀಗ ಜಡಿದುಕೊಂಡು ಕೂರುತ್ತಿದ್ದ. ಕೇಳಿದರೆ "ಏನಿಲ್ಲ ಬಿಡೇ" ಅಷ್ಟೇ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಆ 'ಏನಿಲ್ಲ'ದಲ್ಲಿ ಏನೋ ಇದೆ ಅಂತ ಗೊತ್ತಾಗದೆ ಇರುತ್ತದೆಯೆ?

ಆವತ್ತು ಮಧ್ಯಾಹ್ನದ ಬಿಡುವಿನಲ್ಲಿ ಅಂಗಳದಲ್ಲಿ ಸಭೆ. ಕಾರ್ಯದರ್ಶಿ ಇರಬೇಕೋ ಇಳಿಯಬೇಕೋ ಎಂದು ತೀರ್ಮಾನಿಸಲೆಂದೇ ಕರೆದದ್ದು. ಹೋಗುವ ಮುಂಚೆ ಅವನು ಹೊಲಿಗೆ ಕೋಣೆಗೆ ಬಂದ. ಅಂಗಿಯ ಎದೆಯ ಗುಂಡಿ ಕಿತ್ತುಬಂದು ಅಂಗೈಯಲ್ಲಿತ್ತು.

"ಬೇಗ ಹಾಕ್ಕೊಡೇ. ಬೈಸ್ಕೊಳ್ಳೋಕಾದ್ರೂ ನೆಟ್ಟಗೆ ಹೋಗ್ತೀನಿ."

ಅಕ್ಕ ಕೈಗೆ ಸಿಕ್ಕ ಸೂಜಿಯಿಂದ, ಅಂಗಿ ಮೈಮೇಲಿದ್ದ ಹಾಗೆಯೇ, ನಾಲ್ಕು ಹೊಲಿಗೆ ಹಾಕಿ ಹಲ್ಲಿನಲ್ಲಿ ದಾರ ಕಡಿದಳು. ಅವಳ ಕಣ್ಣು ಅವನ ಮುಖದ ಮೇಲಿತ್ತು. ಎಷ್ಟು ಸೊರಗಿಹೋಗಿದ್ದಾನಲ್ಲ ಅಂತ ಕರುಳು ಚುರುಕ್ ಎಂದಿತ್ತು. ಸೂಜಿಯಲ್ಲಿ ಯಾವ ದಾರವಿದೆ ಅಂತ ಯಾರು ನೋಡಿದರು!

ಇಸ್ತ್ರಿಯವನು ನೋಡಿದ. ಕಾರ್ಯದರ್ಶಿ ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಅಷ್ಟರಲ್ಲಿ ಇವನ ದನಿ ಅಂಗಳಕ್ಕೆಲ್ಲ ಕೇಳಿತು.

"ಅಯ್ಯಯ್ಯೋ, ನೋಡ್ರಪ್ಪಾ! ನಾವು ಕೈ ಎತ್ತೋದೇನು ಬಂತು? ಹೆಂಡ್ತಿನೇ ಕೆಂಪು ದಾರ ಹಾಕಿ ಕಳ್ಸಿದ್ದಾರೆ!"

ಜನ ಹೋ ಎಂದು ನಕ್ಕರು. ಅವನು ಕತ್ತು ಬಗ್ಗಿಸಿ ನೋಡಿಕೊಂಡ. ಬಿಳಿ ಅಂಗಿ, ಕೆಂಪು ದಾರ. ತಲೆಯೆತ್ತಿ ಗುಂಪಿನಲ್ಲಿ ಅಕ್ಕನನ್ನು ಹುಡುಕಿದ. ಅವಳು ಅಲ್ಲ ಅಲ್ಲ ಎಂದು ತಲೆಯಾಡಿಸಿದಳು.

"ಸರಿ ಹಾಗಾದ್ರೆ, ಇಳೀತೀನಿ" ಎಂದವನೇ ಬಾಯ್ಲರ್ ಮನೆ ಕಡೆ ನಡೆದುಬಿಟ್ಟ.

ಅಕ್ಕ ಹಿಂದೆಯೇ ಓಡಿದಳು. "ರೀ, ನಿಮ್ಮಾಣೆಗೂ ಬೇಕಂತ ಹಾಕಿದ್ದಲ್ಲ. ಸೂಜೀಲಿ ಅದೇ ಇತ್ತು."

"ಗೊತ್ತು ಕಣೇ. ಆದ್ರೂ ಸರಿಯಾಗೇ ಹಾಕಿದೀಯ. ತೇಪೆ ನಿಲ್ಲೋ ಜಾಗ ನನ್ನಲ್ಲೆಲ್ಲಿದೆ?" ಎಂದ. ಆಮೇಲೆ ಸ್ಟೂಲಿನ ಮೇಲೆ ಕೂತು, ಉರಿಯುವ ಬಾಯ್ಲರನ್ನೇ ನೋಡುತ್ತಾ ಹೇಳಿಬಿಟ್ಟ. "ಐದು ತಿಂಗಳ ಹಿಂದೆನೇ ಆಡಳಿತದವ್ರು ಸಂಬಳ ಜಾಸ್ತಿ ಮಾಡೋಕೆ ಒಪ್ಪಿದ್ರು. ಒಂದೇ ಷರತ್ತು. ಹೊಲಿಗೆ ಕೋಣೆ ಮುಚ್ಬೇಕು. ಹರಿದಿದ್ದು ಬಿಸಾಕಿ ಹೊಸದು ತರ್ತಾರಂತೆ."

ಅಕ್ಕ ಅವನೆದುರು ಬಂದು ನಿಂತಳು.

"ಜನಕ್ಕೆ ಹೇಳ್ಬಾರ್ದಿತ್ತಾ?"

"ಹೆಂಗೆ ಹೇಳ್ಲಿ? ಈ ಕಡೆ ಏಳು ಜನ, ಆ ಕಡೆ ಮುನ್ನೂರು. ಆ ಏಳರಲ್ಲಿ ನೀನಿಲ್ಲದೆ ಇದ್ದಿದ್ರೆ ನಾನೂ ಒಪ್ಕೊಂಡುಬಿಡ್ತಿದ್ನೋ ಏನೋ, ನಂಗೇ ಗೊತ್ತಿಲ್ಲ. ಹೆಂಡ್ತಿಗೋಸ್ಕರ ಎಲ್ಲರ ಸಂಬಳ ತಡೆದೆ ಅಂದ್ರೆ ಏನಂತ ಉತ್ತರ ಕೊಡ್ಲಿ?"

ಅಕ್ಕನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಐದು ತಿಂಗಳು! ಆ ನಗುವನ್ನೆಲ್ಲ ಇವನೊಬ್ಬನೇ ನುಂಗಿಕೊಂಡಿದ್ದ. ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಎರಡು ಬಾರಿಸಬೇಕು ಅಂತಲೂ ಅನ್ನಿಸಿತು.

"ಸಂಬಳ ಅವ್ರದು, ಕೋಣೆ ನಮ್ದು. ಮುಚ್ಚಿಡೋಕೆ ನೀವ್ಯಾರ್ರೀ? ಏಳಿ ಮೇಲೆ!"

ಮಣಿಕಟ್ಟು ಹಿಡಿದು ಎಳೆದುಕೊಂಡೇ ಅಂಗಳಕ್ಕೆ ಬಂದಳು. ಏಳು ಜನಕ್ಕಿಂತ ಹೆಚ್ಚು ಮಂದಿಯ ಮುಂದೆ ಬಾಯಿ ತೆರೆದವಳಲ್ಲ ಅವಳು. ನಾಲಿಗೆ ತಡವರಿಸುತ್ತಿದ್ದರೂ ಒಂದನ್ನೂ ಬಿಡದೆ ಹೇಳಿದಳು. "ಇವ್ರು ನನಗೋಸ್ಕರಾನೂ ಮುಚ್ಚಿಟ್ರು. ಅದು ತಪ್ಪೇ. ಈಗ ನಿಮ್ಗೆ ಗೊತ್ತಾಯ್ತಲ್ಲ, ನಮ್ಮ ಕೋಣೆ ಮುಚ್ಲಿ ಅನ್ನೋರು ಕೈ ಎತ್ತಿ."

ವಾರ್ಡಿನ ಆಯಾ ಒಬ್ಬಳು, "ನಮ್ಮನೇಲೂ ಕಷ್ಟ ಇದೆ ಅಕ್ಕ" ಎಂದು ನೆಲ ನೋಡುತ್ತಾ ಕೈ ಎತ್ತಿದಳು. ಅಕ್ಕ ತಲೆದೂಗಿದಳು, ಅವಳ ಕಷ್ಟವೂ ಸುಳ್ಳಲ್ಲವಲ್ಲ. ಇನ್ನೂ ಹತ್ತು ಹನ್ನೆರಡು ಕೈ ಎದ್ದವು. ಮಿಕ್ಕವರೆಲ್ಲ ಕೈ ಕಟ್ಟಿಕೊಂಡೇ ನಿಂತರು.

ಇಸ್ತ್ರಿಯವನ ಮುಖ ಪೆಚ್ಚಾಗಿತ್ತು. "ನನ್ನ ಮಗಳನ್ನ ಕೈಗೆ ಕೊಟ್ಟಾಗ ಆ ಬಟ್ಟೇಲೇ ಸುತ್ತಿದ್ರು" ಎಂದ. ಮರುಗಳಿಗೆಗೆ ಕಾರ್ಯದರ್ಶಿಯ ಮೇಲೆ ಹರಿಹಾಯ್ದ. "ಬಾಯಿ ಬಿಡೋಕೆ ಏನಾಗಿತ್ತೋ ನಿಂಗೆ, ದೊಡ್ಡ ಗೂಬೆ! ಇನ್ಮೇಲೆ ಒಬ್ನೇ ಹೋಗ್ಬೇಡ, ನಾವೂ ಬರ್ತೀವಿ. ಮತ್ತೆ ಯಾವಾಗ ಮಾತುಕತೆ?"

"ಮುಂದಿನ ವಾರ" ಎಂದುಬಿಟ್ಟು ಅವನು ನಾಲಿಗೆ ಕಚ್ಚಿಕೊಂಡ. ಈ ಸಲದ ನಗುವಿನಲ್ಲಿ ಅಕ್ಕನಿಗೆ ಹೊಟ್ಟೆ ಉರಿಯಲಿಲ್ಲ. ಇಳಿಯುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಸಂಬಳವೇನೂ ಹೆಚ್ಚಾಗಲಿಲ್ಲ, ಅದೂ ನಿಜ.

ಸಂಜೆ ಗೇಟು ದಾಟುವಾಗ ಅವನು ಗುಂಡಿ ಮುಟ್ಟಿಕೊಂಡು ಕೇಳಿದ.

"ಮನೆಗೆ ಹೋದ್ಮೇಲೆ ಇದನ್ನ ಬಿಚ್ಚಿ ಬಿಳಿ ದಾರ ಹಾಕ್ತೀಯಾ?"

"ಇಲ್ಲ" ಎಂದಳು ಅಕ್ಕ. "ಕೆಂಪು ದಾರ ಬಿದ್ದದ್ದು ನಮ್ಮ ಕೋಣೇದು. ಯಾರೂ ವಾಪಸ್ ಕೇಳೋ ಹಾಗಿಲ್ಲ."