ನಡುವಿನ ಡಬ್ಬಿ

ಚಟ್ಟದ ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿಯುತ್ತಲೇ ಬಾಳಪ್ಪ ಕೇಳಿದ, "ತಂಗಿ, ಆ ಪತ್ರ ಸಿಕ್ತೇನು? ಆಫೀಸಿನ ಮೇಜಿನ್ಯಾಗಂತೂ ಇಲ್ಲ, ನೋಡೇ ಬಂದೀನಿ."

"ಇಲ್ಲಿ ರಾಯರ ಚೀಲದಲ್ಲೂ ಇಲ್ಲ," ಎಂದಳು ಜಯಲತಾ.

ಡೊಂಬಿವಲಿಯ ಚಾಳಿನ ಅಂಗಳದಲ್ಲಿ ಸಂಪಾದಕ ಭುಜಂಗರಾಯರನ್ನು ಮಲಗಿಸಿದ್ದರು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹತ್ತು ವರ್ಷ ದುಡಿದ ಪತ್ರಕರ್ತರನ್ನು ಅಮೆರಿಕದ ಒಂದು ವಿಶ್ವವಿದ್ಯಾಲಯ ಒಂಬತ್ತು ತಿಂಗಳು ಓದಲು ಕರೆಯುತ್ತದೆ. ರಾಯರ ಪತ್ರಿಕೆಯಲ್ಲೇ ದುಡಿಯುವ ಜಯಲತಾಳ ಅರ್ಜಿ ಇವತ್ತು ಐದು ಗಂಟೆಯೊಳಗೆ ಮುಂಬಯಿಯ ಫೋರ್ಟಿನಲ್ಲಿರುವ ಕಚೇರಿ ಸೇರಬೇಕು. ರಜೆ ಕೊಟ್ಟಿದ್ದೇನೆ ಎಂಬ ಸಂಪಾದಕರ ಪತ್ರವೊಂದೇ ಬಾಕಿ. "ಬರೆದಾಗಿದೆ, ನಾಳೆ ಕೊಡ್ತೇನೆ" ಎಂದಿದ್ದರು, ನಿನ್ನೆ.

"ಇನ್ನು ಬಿಡಿ ಬಾಳಪ್ಪಣ್ಣ. ಇಂಥ ದಿನ ಇದನ್ನ ಹುಡುಕಿದರೆ ಜನ ಏನಂದಾರು?"

"ಜನ ಏನರ ಅನ್ಲಿ. ನೀ ಹೋಗಲಿಲ್ಲಂದ್ರ ರಾಯರು ಎದ್ದು ಕೂತು ಬೈತಾರ."

ಹೆಣದ ತಲೆಯ ಬಳಿ ಕೂತಿದ್ದ ಹೆಂಡತಿ ವಸಂತಿ ಮುಖ ಎತ್ತಿದಳು. "ಮಿಡ್ ಕ್ಯಾರಿಯರ್ ನೋಡಿದೆಯಾ?"

ಪಾಪ, ತಲೆ ಕೆಟ್ಟಿತು ಎಂದುಕೊಂಡರು ಪಕ್ಕದವರು.

*

ಎಪ್ಪತ್ತನಾಲ್ಕರಲ್ಲಿ ಅದೇ ಫಾರ್ಮು, ವೃತ್ತಿಯ ನಡುವಿನಲ್ಲಿರುವವರಿಗೆಂದು, ಭುಜಂಗರಾಯರಿಗೂ ಬಂದಿತ್ತು. "ಇದು ಮಿಡ್ ಕೆರಿಯರಿಗಂತೆ, ಜೋಪಾನ" ಎಂದು ಹೆಂಡತಿಯ ಕೈಗಿತ್ತು ಸ್ನಾನಕ್ಕೆ ಹೋದರು. ಮಧ್ಯಾಹ್ನ ಆಫೀಸಿನಲ್ಲಿ ಊಟಕ್ಕೆ ಕೂತು ಮೂರು ಡಬ್ಬಿಯ ಕ್ಯಾರಿಯರ್ ಬಿಚ್ಚಿದರೆ ನಡುವಿನ ಡಬ್ಬಿಯಲ್ಲಿ ಫಾರ್ಮು!

"ಪಲ್ಯ ಎಲ್ಲಿ ಮಾರಾಯ್ತಿ?" ಎಂದರು ಸಂಜೆ.

"ಮಿಡ್ ಕ್ಯಾರಿಯರಿಗೆ ಅಂತ ನೀವೇ ಹೇಳಿದ್ದಲ್ವಾ?"

ನಗು ನಿಲ್ಲಲು ಎರಡು ದಿನ ಬೇಕಾಯಿತು. ಪತ್ರಿಕೆಯ ಮಾಲೀಕರು ಮಾತ್ರ ನಗಲಿಲ್ಲ. "ಒಂಬತ್ತು ತಿಂಗಳು ನಿನ್ನ ಪುಟ ಯಾರು ಮಾಡ್ತಾರೆ?" ಎಂದರು. ನಾನು ಮಾಡ್ತೇನೆ ಎಂದು ಯಾರೂ ಮುಂದೆ ಬರಲಿಲ್ಲ. ಫಾರ್ಮು ಅದೇ ಡಬ್ಬಿಯಲ್ಲಿ ಮನೆಗೆ ಬಂತು. ಹೋಗುವಾಗ ಬೆಳಗಿನ ಎಂಟು ಹನ್ನೆರಡರ ಲೋಕಲ್ ರೈಲಿನ ಆ ನೂಕುನುಗ್ಗಲಲ್ಲೂ ಅದಕ್ಕೊಂದು ಮಡಿಕೆ ಬಿದ್ದಿರಲಿಲ್ಲ. ಅವತ್ತಿನಿಂದ ಮುಖ್ಯ ಕಾಗದಗಳೆಲ್ಲ ನಡುವಿನ ಡಬ್ಬಿಗೆ, ಪಲ್ಯ ಅನ್ನದ ಮೇಲಕ್ಕೆ.

*

ನಿನ್ನೆಯ ಕ್ಯಾರಿಯರ್ ಇನ್ನೂ ತೊಳೆದಿರಲಿಲ್ಲ. ವಸಂತಿ ಒಳಗಿನಿಂದ ತಂದು ಬಿಚ್ಚಿದಳು. ಸಾರಿನ ವಾಸನೆಯ ಜೊತೆ ಲಕೋಟೆ ಹೊರಬಂತು.

ಜಯಲತಾ ಓದಿದಳು. ರಜೆ ಮಂಜೂರು. ಅವಳ ಪುಟ ಯಾರು ಮಾಡುತ್ತಾರೆ ಎಂಬಲ್ಲಿ ಒಂದೇ ಮಾತು: ನಾನು. ಕೆಳಗೆ ಸಹಿ.

"ಆ ನಾನು ಇಲ್ಲೇ ಮಲಗಿದಾರಲ್ಲಾ, ಅಕ್ಕಾ..."

ಬಾಳಪ್ಪ ಹಗ್ಗ ಬಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಅವಳ ಪೆನ್ನು ಕಸಿದ. ಸಹಿಯ ಕೆಳಗೆ ಬರೆದ: ಮತ್ತು ಬಾಳಪ್ಪ, ಅಚ್ಚುಮೊಳೆ ಜೋಡಿಸುವವ.

"ಹತ್ತೊಂಬತ್ತು ವರ್ಷ ನಿಮ್ಮೆಲ್ಲರ ಕಾಗುಣಿತ ತಿದ್ದೀನಿ. ಒಂದು ಪುಟ ಬರೆಯಾಕ ಬರೂದಿಲ್ಲೇನು ನನಗ?"

"ಇವರನ್ನ ಕಳಿಸಿಯಾದರೂ ಹೋಗ್ತೇನೆ, ಅಕ್ಕಾ," ಎಂದಳು ಜಯಲತಾ.

"ಶ್ಮಶಾನಕ್ಕೆ ಹೆಂಗಸರನ್ನ ಹೇಗೂ ಬಿಡುವುದಿಲ್ಲ," ಎಂದಳು ವಸಂತಿ. "ಇಲ್ಲಿ ಕೂತು ಅಳಲಿಕ್ಕೆ ನಾನಿದ್ದೇನೆ. ನೀನು ಗಾಡಿ ಹಿಡಿ. ಕೈಯಲ್ಲಿ ಹಿಡ್ಕೊಂಡು ಹೋಗಬೇಡ, ಮುದ್ದೆಯಾದೀತು." ಲಕೋಟೆಯನ್ನು ಮತ್ತೆ ಡಬ್ಬಿಗೆ ಹಾಕಿ ಕ್ಯಾರಿಯರಿನ ಚಿಲಕ ಬಿಗಿದಳು.

ಚಟ್ಟ ಎಡಕ್ಕೆ ತಿರುಗಿತು. ಜಯಲತಾ ಬಲಕ್ಕೆ, ಸ್ಟೇಷನ್ನಿನ ಕಡೆ ಓಡಿದಳು.

ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾರಿನ ವಾಸನೆಗೆ ಪಕ್ಕದ ಮರಾಠಿ ಹೆಂಗಸು ಮೂಗರಳಿಸಿ, ಕ್ಯಾರಿಯರನ್ನು ಮೇಲಿನ ಹಲಗೆಯಲ್ಲಿಡಲು ಕೈ ಚಾಚಿದಳು. "ಕಾಯ್ ಭಾಜಿ ಆಣಲಿ ಆಜ್?" ಇವತ್ತು ಏನು ಪಲ್ಯ?

ಜಯಲತಾ ಕ್ಯಾರಿಯರನ್ನು ಎರಡೂ ಕೈಯಿಂದ ಎದೆಗವಚಿ ನಿಂತಳು.