ಹುಡುಕದ ಕಾಲು

ಆ ಕಾಲು ಹುಡುಕಲಿಲ್ಲ, ಪಾಚಿ ಮೆತ್ತಿದ ಕರೀ ಬಂಡೆಯನ್ನು ಬಿಟ್ಟು ಅದರಾಚೆಯ ಬೋಳು ಬಂಡೆಯ ಮೇಲೆ ಹೋಗಿ ಕೂತಿತು, ಸ್ವಂತ ಮನೆಯ ಮೆಟ್ಟಿಲ ಮೇಲೆ ಕೂರುವ ಹಾಗೆ, ಅವಳು ನೋಡಿಬಿಟ್ಟಳು, ನೋಡಬಾರದಿತ್ತು, ಕಡಲು ನೋಡಲು ಬಂದವಳು ಕಡಲು ನೋಡಬೇಕು, ಮುಂದೆ ಹೋಗುವ ಗಂಡಸಿನ ಹಿಮ್ಮಡಿಯನ್ನಲ್ಲ — ಆದರೆ ಇಳಿಜಾರು ಕಡಿದು, ಹಿಮ್ಮಡಿ ಮೂಗಿನ ನೇರಕ್ಕೇ ಇದೆ, ಎಲ್ಲರಿಗಿಂತ ಮುಂದೆ ದಾರಿ ತೋರಿಸುವ ಹೆಂಗಸು, ಚಿಕ್ಕಮ್ಮನ ಬಾಯಲ್ಲಿ ಗೈಡಮ್ಮ, ಕೈಯಲ್ಲಿ ಅವಳೆತ್ತರದ ಕೋಲು, ಆಮೇಲೆ ಅವನು, ಆಮೇಲೆ ಇವಳು, ಹಿಂದೆ ಏದುಸಿರು ಬಿಡುತ್ತ ಚಿಕ್ಕಮ್ಮ, ಅಯ್ಯೋ ನನ್ನ ಮಂಡಿಯೇ, ನಿನ್ನ ಮದುವೆ ಕುದುರೋದ್ರೊಳಗೆ ನನ್ನ ಕಥೆ ಮುಗಿಯುತ್ತೆ ಕಣೇ. ಮದುವೆ. ಕೊನೆಯ ದ್ವೀಪ ಮುಟ್ಟುವುದರೊಳಗೆ ಹೂಂ ಅಥವಾ ಉಹೂಂ ಹೇಳಿಬಿಡ್ತೀನಿ ಎಂದು ಇವಳೇ ಅಂದದ್ದು, ಅವನು ಕೇಳಿರಲಿಲ್ಲ, ನಿಧಾನವಾಗಿ ಹೇಳಿ, ನನಗೇನೂ ಅವಸರ ಇಲ್ಲ ಅಂದಿದ್ದ, ಅವಸರವಿಲ್ಲದ ಗಂಡಸು ಎಂದು ಆಗ ಎಷ್ಟು ಹಿತವಾಗಿತ್ತು, ಈಗ ಅದೇ ಮಾತು ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ, ನಾಲಿಗೆ ಅಲ್ಲಿಗೇ ಹೋಗುತ್ತದೆ. ನಾನೂ ಕಡಲು ನೋಡಿಲ್ಲ ರೀ, ಅಂದಿದ್ದ ಅವತ್ತು, ದ್ವೀಪಗಳ ಮಾತು ಬಂದಾಗ, ನಾನು ನೋಡಿರೋದೆಲ್ಲ ಲಿಫ್ಟಿನ ಬಾವಿ, ಮೇಲೆ ಕತ್ತಲೆ, ಕೆಳಗೆ ಕತ್ತಲೆ, ಮಧ್ಯೆ ನಾನೊಬ್ಬ ಟಾರ್ಚು ಕಚ್ಚಿಕೊಂಡು, ಇವಳು ಎಷ್ಟು ನಕ್ಕಿದ್ದಳು, ಕೆಟ್ಟುನಿಂತ ಲಿಫ್ಟುಗಳನ್ನು ರಿಪೇರಿ ಮಾಡುವವನು ನಗಿಸಲೂ ಬಲ್ಲ ಎಂದು ಅಂದೇ ರಾತ್ರಿ ಚಿಕ್ಕಮ್ಮನಿಗೆ ಹೇಳಿದ್ದಳು — ಸರಿ, ಕಡಲನ್ನೇ ನೋಡದವನ ಕಾಲಿಗೆ ಯಾವ ಬಂಡೆ ಜಾರುತ್ತದೆಂದು ಹೇಳಿಕೊಟ್ಟವರು ಯಾರು.

ಇಂಥವರು ಅವಳಿಗೆ ಹೊಸಬರಲ್ಲ, ಅವಳು ಕಣ್ಣು ಪರೀಕ್ಷೆ ಮಾಡುವ ಕನ್ನಡಕದಂಗಡಿಯ ಹಿಂದಿನ ಕತ್ತಲೆ ಕೋಣೆ, ಗೋಡೆಗೆ ಬೆಳಕಿನ ಪೆಟ್ಟಿಗೆ, ಅದರಲ್ಲಿ ಮೇಲಿನಿಂದ ಕೆಳಕ್ಕೆ ಸಣ್ಣಗಾಗುತ್ತ ಹೋಗುವ ಅಕ್ಷರಗಳು, ಒಂದು ಗಾಜು ಹಾಕಿ ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದನ್ನು ತೆಗೆದು ಇನ್ನೊಂದು ಹಾಕಿ ಇಲ್ಲಾ ಇದರಲ್ಲಾ, ದಿನವೆಲ್ಲ ಇದೇ ಜಪ, ಅದೊಂದು ಸಲ ವಯಸ್ಸಾದ ಲಾರಿ ಡ್ರೈವರು ಬಂದಿದ್ದ, ಲೈಸೆನ್ಸಿಗೆ ಕಣ್ಣಿನ ಚೀಟಿ ಬೇಕಾಗಿತ್ತು, ಕೊನೆಯ ಸಾಲನ್ನೂ ಗಿಣಿಯ ಹಾಗೆ ಒಪ್ಪಿಸಿದ, ಮಾಲೀಕರು ಭಲೇ ಅಂದರು, ಇವಳಿಗೆ ಮಾತ್ರ ಮನಸ್ಸು ಒಪ್ಪಲಿಲ್ಲ, ಓದುವ ಕಣ್ಣು ಸಣ್ಣಗಾಗುತ್ತದೆ, ಹುಬ್ಬು ಗಂಟಾಗುತ್ತದೆ, ಅಕ್ಷರದ ಹತ್ತಿರ ಹೋಗಿ ತಡವರಿಸಿ ಹಿಂದೆ ಬಂದು ಮತ್ತೆ ಹೋಗುತ್ತದೆ, ಹುಡುಕುತ್ತದೆ, ಆ ಕಣ್ಣು ಹುಡುಕಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತು ಒಳಗಿನವರು ಓದುವುದನ್ನು ಕೇಳಿ ಕೇಳಿ ಕಲಿತಿದ್ದ, ಹೊಟ್ಟೆಪಾಡು ತಾಯಿ ಎಂದು ಕೈ ಮುಗಿದಿದ್ದ, ಪಾಪ. ಹೊಟ್ಟೆಪಾಡಿಗೆ ಸುಳ್ಳು ಹೇಳುವವರನ್ನು ಕ್ಷಮಿಸಬಹುದು, ಇವನದು ಯಾವ ಪಾಡು, ನಡೆಯಲು ಬಂದಿದ್ದೇವೆ, ರಜೆಗೆ ಬಂದಿದ್ದೇವೆ, ಗಾಳಿ ತಲೆಗೂದಲನ್ನು ಬಾಯಿಗೆ ತುರುಕುತ್ತಿದೆ, ದೂರದಲ್ಲಿ ಕಡಲ ಮೇಲೆ ಚಿಕ್ಕ ಚಿಕ್ಕ ದ್ವೀಪಗಳು ಬೆನ್ನು ತೋರಿಸಿ ಮಲಗಿವೆ, ಅಜ್ಜಿ ಹೇಳುತ್ತಿದ್ದ ಹಾಗೇ, ಅಮ್ಮನ ಮೇಲೆ ಮುನಿಸಿಕೊಂಡು ನೀರಿಗಿಳಿದ ಅಕ್ಕತಂಗಿಯರು, ಯಾರಾದರೂ ಸಮಾಧಾನ ಮಾಡಲಿ ಎಂದು ಇನ್ನೂ ಎದ್ದಿಲ್ಲ, ನಿದ್ದೆ ಬಂದಿಲ್ಲ ಮಗಾ, ನಿದ್ದೆಯ ನಾಟಕ.

ನಾಟಕ, ಹೌದು, ಕಲ್ಲಿನ ವಿಷಯವೂ ಇದೆಯಲ್ಲ, ಗೈಡಮ್ಮನದೊಂದು ಪದ್ಧತಿ, ಒಂದು ದ್ವೀಪದಿಂದ ಇನ್ನೊಂದಕ್ಕೆ ನೀರಿಳಿದ ಹೊತ್ತಿನಲ್ಲಿ ಮರಳ ಮೇಲೆ ದಾಟುವ ಮುಂಚೆ ಪ್ರತಿಯೊಬ್ಬರೂ ಒಂದು ಬೆಣಚು ಕಲ್ಲು ಆರಿಸಿ ಅವಳ ಚೀಲಕ್ಕೆ ಹಾಕಬೇಕು, ದಾಟಿದ ಮೇಲೆ ಅವರವರ ಕಲ್ಲು ಅವರವರು ವಾಪಸು ತೆಗೆದುಕೊಳ್ಳಬೇಕು, ಚೀಲದಲ್ಲಿ ಕಲ್ಲು ಉಳಿದರೆ ಮನುಷ್ಯ ಹಿಂದೆ ಉಳಿದ ಅಂತ, ತಲೆ ಎಣಿಸಿದ್ರೆ ತಪ್ಪುತ್ತೆ, ಕಲ್ಲು ತಪ್ಪಲ್ಲ ಎಂದು ಮೊದಲ ದಿನ ಅವಳು ಹೇಳುವಾಗ ಎಲ್ಲರೂ ಬಗ್ಗಿ ಹುಡುಕತೊಡಗಿದರು, ಚಿಕ್ಕಮ್ಮ ಚೆಂದದ್ದು ಬೇಕು ಅಂತ ಅರ್ಧ ದಂಡೆ ತಿರುಗಿದಳು, ಅವನು ಬಗ್ಗಲಿಲ್ಲ, ಅವನ ಮುಷ್ಟಿಯಲ್ಲಿ ಕಲ್ಲು ಆಗಲೇ ಇತ್ತು, ಗೈಡಮ್ಮ ಬಾಯಿ ತೆರೆಯುವ ಮುಂಚೆಯೇ, ಗೈಡಮ್ಮ ಅವನ ಮುಷ್ಟಿ ನೋಡಿದಳು, ಅವನು ಗೈಡಮ್ಮನ ಮುಖ ನೋಡಿದ, ರೆಪ್ಪೆ ಮುಚ್ಚಿ ತೆಗೆಯುವಷ್ಟರಲ್ಲಿ ಇಬ್ಬರೂ ಬೇರೆ ಕಡೆ ತಿರುಗಿದ್ದರು. ಆಮೇಲೆ ತಂಗುವ ಮನೆಯ ನಾಯಿ, ಬಂದವರನ್ನೆಲ್ಲ ಬೈಯುವ ಹಾಗೆ ಬೊಗಳುವ ಮುದಿ ನಾಯಿ, ಅವನ ಮೊಣಕಾಲಿಗೆ ಮೂತಿ ಉಜ್ಜಿ ಸುಮ್ಮನಾಯಿತು, ನಾಯಿಗೆ ಒಳ್ಳೇವರ ವಾಸನೆ ಗೊತ್ತಾಗುತ್ತೆ ಕಣೇ, ಅಂದಳು ಚಿಕ್ಕಮ್ಮ, ಕಬ್ಬಿಣದ ಮಂಚದ ಮೇಲೆ ಕೂತು ಮಂಡಿಗೆ ಮುಲಾಮು ತಿಕ್ಕುತ್ತ, ಒದ್ದೆ ಕಾಲುಚೀಲಗಳು ಕಿಟಕಿಯ ಸರಳಿನಲ್ಲಿ ನೇತಾಡುತ್ತಿದ್ದವು, ನಾಯಿಗೆ ಹಳಬರ ವಾಸನೆಯೂ ಗೊತ್ತಾಗುತ್ತೆ ಚಿಕ್ಕಮ್ಮ, ಎಂದಳು ಇವಳು, ಓಹೋ ಶುರುವಾಯ್ತು, ನಿನಗೆ ಹಾಲು ಕೊಟ್ರೂ ಅದರಲ್ಲಿ ನೊಣ ಹುಡುಕ್ತೀಯ, ಹೋದ ಗಂಡು ಮೂಗಿನಲ್ಲಿ ಮಾತಾಡ್ತಾನೆ ಅಂದೆ, ಅದರ ಹಿಂದಿನವನು ಅತಿಯಾಗಿ ತಲೆ ಬಾಚ್ತಾನೆ ಅಂದೆ, ಈಗ ಇವನಿಗೆ ನಾಯಿ ಬೊಗಳಲಿಲ್ಲ ಅಂತ ತಕರಾರು, ನಿನಗೆ ಕಥೆಯೊಳಗಿನ ರಾಜಕುಮಾರನೇ ಬೇಕು, ಅವನು ಇಳಿದು ಬರೋದ್ರೊಳಗೆ ನಿನ್ನ ಕೂದಲು ಬೆಳ್ಳಗಾಗಿರುತ್ತೆ.

ರಾಜಕುಮಾರನ ಕಥೆ ಚಿಕ್ಕಮ್ಮನಿಗೆ ಅರ್ಧ ಗೊತ್ತು, ಪೂರ್ತಿ ಗೊತ್ತಿರುವುದು ಇವಳಿಗೆ, ಅಜ್ಜಿಯ ಸೆರಗಿನೊಳಗೆ ಮುಖವಿಟ್ಟು ಕೇಳಿದ್ದು ಇವಳು, ಏಳು ನೀರು ದಾಟಿ ರಾಕ್ಷಸನ ಮನೆಗೆ ಹೋಗುವ ರಾಜಕುಮಾರ ದಾರಿಯುದ್ದಕ್ಕೂ ಕೇಳುತ್ತ ಹೋಗುತ್ತಾನೆ, ಇರುವೆಯನ್ನು ಕೇಳುತ್ತಾನೆ, ಆಮೆಯನ್ನು ಕೇಳುತ್ತಾನೆ, ಅವನ ಹಿಂದೆ ಇನ್ನೊಬ್ಬ ಬರುತ್ತಾನೆ, ಅದೇ ರುಮಾಲು, ಅದೇ ಮೀಸೆ, ಯಾರನ್ನೂ ಕೇಳುವುದಿಲ್ಲ, ದಾರಿ ಕೇಳದೆ ನಡೆಯೋನನ್ನ ನಂಬಬೇಡ ಮಗಾ, ಅವನು ಒಂದು ಸಲ ರಾಕ್ಷಸನ ಮನೇಲಿ ಉಂಡಿರ್ತಾನೆ. ಇವನು ಯಾರ ಜೊತೆ ಉಂಡಿದ್ದ, ಯಾವಳ ಜೊತೆ, ಅವಳೂ ಇದೇ ಕಬ್ಬಿಣದ ಮಂಚದ ಮೇಲೆ ಕೂತಿದ್ದಳೇ, ಅವಳ ಕಾಲುಚೀಲವೂ ಇದೇ ಸರಳಿನಲ್ಲಿ ಒಣಗಿತ್ತೇ, ಇವಳು ಆ ಹೆಂಗಸನ್ನು ಕಟ್ಟತೊಡಗುತ್ತಾಳೆ, ಎತ್ತರ, ನೀಳ ಕತ್ತು, ಗಾಳಿಗೆ ಕೂದಲು ಬಾಯಿಗೆ ಹೋಗದ ಹಾಗೆ ಕಟ್ಟಲು ಬರುವವಳು, ಕಡಲಿಗೆ ಹೆದರದವಳು, ಅವಳ ಕೈ ಹಿಡಿದು ಅವನು ಕರೀ ಬಂಡೆ ಬಿಟ್ಟು ಬೋಳು ಬಂಡೆ ಅಂತ ಕಲಿತ, ಹೋದ ತಿಂಗಳು ಆಫೀಸಿನ ಕೆಲಸ ಅಂತ ಊರು ಬಿಟ್ಟಿದ್ದನಲ್ಲ, ಎತ್ತರದ ಕಟ್ಟಡ, ಹೊಸ ಲಿಫ್ಟು, ಫೋನು ಸಿಗಲ್ಲ, ಬಂದಾಗ ಬೂಟಿನ ಅಂಚಿಗೆ ಬಿಳಿಯ ಗೆರೆ, ಸುಣ್ಣ ಅಂದುಕೊಂಡಿದ್ದಳು, ಉಪ್ಪು, ಅದು ಉಪ್ಪು, ಈಗ ಇವಳ ಬೂಟಿನ ಅಂಚಿಗೂ ಅದೇ ಗೆರೆ ಇದೆ. ಇಳಿಜಾರು ಮುಗಿಯಿತು, ದಂಡೆ ಬಂತು, ಆಚೆ ಕೊನೆಯ ದ್ವೀಪ, ನಡುವೆ ಇಳಿದ ನೀರು, ನೀರಿನಡಿಯಲ್ಲಿ ಹಳದಿ ಮರಳು ಹಾವಿನ ಹಾಗೆ ಸುತ್ತಿಕೊಂಡು ಹೋಗಿದೆ, ಬೂಟು ಬಿಚ್ಚಿ ಕೊರಳಿಗೆ ಹಾಕ್ಕೊಳ್ಳಿ, ಕಲ್ಲು ಕೊಡಿ, ನಾನು ಕಾಲಿಟ್ಟಲ್ಲೇ ಕಾಲಿಡಿ, ಗೈಡಮ್ಮ ಕೂಗುತ್ತಿದ್ದಾಳೆ, ಅವನು ಬೂಟಿನ ದಾರ ಬಿಚ್ಚುತ್ತ ಬಗ್ಗಿದ್ದಾನೆ, ಈಗ ಕೇಳದಿದ್ದರೆ ಇನ್ಯಾವಾಗ, ನೀವು ಇಲ್ಲಿಗೆ ಮೊದಲು ಬಂದಿದ್ರಾ.

ಇಲ್ಲವಲ್ಲ ಅಂದ, ತಲೆ ಎತ್ತದೆ, ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ, ಯಾಕ್ರೀ ಹಾಗೆ ಕೇಳ್ತೀರಾ, ಸುಮ್ಮನೆ ಕೇಳಿದೆ ಅಂದಳು, ಕಿವಿ ಕೆಂಪಾಗಿತ್ತು ಅವನಿಗೆ, ಎದ್ದವನೇ ನೀರಿಗಿಳಿದ, ಸರಸರ, ತಪ್ಪಿಸಿಕೊಳ್ಳುವವನ ಹಾಗೆ, ಗೈಡಮ್ಮ ಬಲಕ್ಕೆ ಬಳಸಿಕೊಂಡು ಹೋಗುತ್ತಿದ್ದಾಳೆ, ಅವನು ಅವಳನ್ನು ನೋಡುತ್ತಿಲ್ಲ, ನೀರನ್ನೂ ನೋಡುತ್ತಿಲ್ಲ, ಎದುರಿನ ದ್ವೀಪದ ಬಿಳೀ ಬಂಡೆಯ ಮೇಲೆ ಕಣ್ಣು ನೆಟ್ಟಿದ್ದಾನೆ, ಅದರ ನೇರಕ್ಕೇ ಹೋಗುತ್ತಿದ್ದಾನೆ, ನೋಡಿದೆಯಾ, ನೋಡಿದೆಯಾ ಎಂದು ಒಳಗೊಬ್ಬಳು ಚಪ್ಪಾಳೆ ತಟ್ಟುತ್ತಾಳೆ, ಗುರುತು ಇಟ್ಟುಕೊಂಡಿದ್ದಾನೆ, ಬಿಳೀ ಬಂಡೆ ನೋಡ್ಕೊಂಡು ನೇರ ಬಾ ಅಂತ ಅವಳೇ ಹೇಳಿರಬೇಕು, ಆ ನೀಳ ಕತ್ತಿನವಳು — ಅಷ್ಟರಲ್ಲಿ ಅವನು ಇಲ್ಲ, ಇದ್ದ, ಅರ್ಧ ಇದ್ದ, ಸೊಂಟದ ಮೇಲಷ್ಟೇ, ಗುಂಡಿ, ಕೊರಳಿನ ಬೂಟುಗಳು ನೀರಿನ ಮೇಲೆ ತೇಲಿದವು, ಅಮ್ಮಾ ಎಂದು ಅವನು ಕೂಗಿದ, ಗಂಡಸು ಕೂಗುವ ಹಾಗಲ್ಲ, ಮಗು ಕೂಗುವ ಹಾಗೆ, ಇವಳ ಕಾಲು ಅಲ್ಲೇ ಕಲ್ಲಾಯಿತು, ಗೈಡಮ್ಮ ಓಡಿ ಬಂದು ಕೋಲು ಚಾಚಿದಳು, ಹಿಡ್ಕೋ, ಬಿಗಿಯಾಗಿ ಹಿಡ್ಕೋ, ನೀರು ನೋಡಬೇಡ, ನನ್ನ ನೋಡು, ಎಳೆದು ಎಳೆದು ಮೊಣಕಾಲುದ್ದದ ನೀರಿಗೆ ತಂದು ನಿಲ್ಲಿಸಿ ಏದುಸಿರಿನಲ್ಲೇ ಬೈಯತೊಡಗಿದಳು, ಆವತ್ತೇ ಬಡ್ಕೊಂಡಿದ್ದೆ ಅಲ್ವೇನಪ್ಪಾ, ಮರಳು ಮನೆ ಬದಲಾಯಿಸ್ತಾ ಇರುತ್ತೆ, ಹೋದ ಸಲದ ದಾರಿ ಈ ಸಲ ನಂಬಬೇಡ ಅಂತ.

ಆವತ್ತು ಅಂದ್ರೆ ಯಾವತ್ತು, ಎಂದಳು ಚಿಕ್ಕಮ್ಮ, ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿನ ನಡುವೆ ನಿಂತು. ಗೈಡಮ್ಮ ಅವನ ಮುಖ ನೋಡಿದಳು, ಇನ್ನೇನು ಮುಚ್ಚಿಡೋದು ಬಿಡಪ್ಪಾ, ನನಗೆ ನಾಟಕ ಬರಲ್ಲ, ಹೋದ ತಿಂಗಳು ಬಂದಿದ್ದ ಕಣಮ್ಮಾ, ಒಬ್ಬನೇ, ನೀರು ಕಂಡ್ರೆ ಕೈಕಾಲು ಆಡಲ್ಲ ಇವನಿಗೆ, ನನ್ನ ಚೀಲದ ಪಟ್ಟಿ ಹಿಡ್ಕೊಂಡು ಅತ್ತುಕೊಂಡು ದಾಟಿದ, ವಾಪಸು ದಾಟಿದ, ಮತ್ತೆ ದಾಟಿದ, ಬಾಯಿಪಾಠ ಆಗೋವರೆಗೂ ನನ್ನ ಬಿಡಲಿಲ್ಲ, ಇನ್ನೊಂದ್ಸಲ ಬರ್ತೀನಿ, ಆಗ ಗುರುತಿಲ್ಲದ ಹಾಗೆ ಇರಿ ಅಂದ, ಯಾಕೋ ಅಂದ್ರೆ, ಒಬ್ಬರು ನೋಡ್ತಿರ್ತಾರೆ ಅಂದ. ನಿಜವೇನ್ರೀ, ಎಂದಳು ಚಿಕ್ಕಮ್ಮ, ನಗು ತಡೆಯಲಾಗದೆ, ಅವನು ಹೌದೆಂದು ತಲೆ ಆಡಿಸಿದ, ಹಲ್ಲು ಕಟಕಟ, ಇವಳ ಕಡೆ ನೋಡಲಾರ, ಇವರಿಗೆ ಹೆದರುಪುಕ್ಕಲರನ್ನ ಕಂಡ್ರೆ ಆಗಲ್ಲ, ಕಡಲು ಅಂದ್ರೆ ಪ್ರಾಣ ಅಂತ ನೀವೇ ಹೇಳಿದ್ರಲ್ಲ ಚಿಕ್ಕಮ್ಮ, ಅಂದ. ಒಬ್ಬನೇ. ನೀಳ ಕತ್ತಿನವಳು ಗಾಳಿಯಲ್ಲಿ ಕರಗಿಹೋದಳು, ಹೋಗಲಿ, ನಗಬೇಕು ಈಗ, ಓಡಿಹೋಗಿ ಕೈ ಹಿಡಿಯಬೇಕು, ನನಗೋಸ್ಕರ ಕಡಲನ್ನೇ ಬಾಯಿಪಾಠ ಮಾಡಿದನಲ್ಲ ಎಂದು ಕರಗಬೇಕು, ಕರಗುತ್ತಿದೆ ಏನೋ ಒಂದು, ಕರಗುತ್ತಲೇ ಅದರಡಿಯಿಂದ ಇನ್ನೊಂದು ತಲೆ ಎತ್ತುತ್ತದೆ, ಚಿಕ್ಕಮ್ಮ ಇನ್ನೇನೇನು ಹೇಳಿದ್ದಳು, ಭೇಟಿಯಾದ ಮೊದಲ ದಿನವೇ ಕಾಫಿಗೆ ಸಕ್ಕರೆ ಕಡಿಮೆ ಇರಲಿ ಎಂದು ಇವಳ ಪರವಾಗಿ ಹೋಟೆಲಿನವನಿಗೆ ಹೇಳಿದ್ದನಲ್ಲ, ನನಗೂ ಕಥೆ ಅಂದ್ರೆ ಇಷ್ಟ ರೀ ಅಂದಿದ್ದನಲ್ಲ, ಅಜ್ಜಿಯ ಮಾತು ಬಂದಾಗ ಸರಿಯಾದ ಜಾಗದಲ್ಲಿ ಸುಮ್ಮನಾಗಿದ್ದನಲ್ಲ, ಅವೂ ದಾಟಿ ದಾಟಿ ಕಲಿತದ್ದೇ, ಹೆದರಿಕೆಯನ್ನು ಇಷ್ಟು ಚೆನ್ನಾಗಿ ಮುಚ್ಚಿಟ್ಟವನು ನಾಳೆ ಬೇಸರವನ್ನು ಮುಚ್ಚಿಡಲಾರನೇ, ಇವಳು ಸಾಕಾದ ದಿನವೂ ಆ ಕಾಲು ಕರೀ ಬಂಡೆ ಬಿಟ್ಟು ಬೋಳು ಬಂಡೆಯ ಮೇಲೆ ಹಾಗೇ ಹೋಗಿ ಕೂರುತ್ತದೆ, ಗೊತ್ತೇ ಆಗುವುದಿಲ್ಲ.

ಹೊರಡಿ ಹೊರಡಿ, ನೀರು ಏರುತ್ತೆ, ಎನ್ನುತ್ತಾಳೆ ಗೈಡಮ್ಮ, ಕೋಲಿನಿಂದ ಮರಳು ಚುಚ್ಚಿ ನೋಡುತ್ತ ಮುಂದೆ ಹೋಗುತ್ತಾಳೆ, ಏನಂತೀಯೇ, ಹೂಂನಾ ಉಹೂಂನಾ, ಆಚೆ ದಂಡೆ ಬಂದೇಬಿಡ್ತು, ಎನ್ನುತ್ತಾಳೆ ಚಿಕ್ಕಮ್ಮ, ಅವನು ಅಲ್ಲಾಡುತ್ತಿಲ್ಲ, ಬಿಳೀ ಬಂಡೆಯನ್ನು ನೋಡುತ್ತಿಲ್ಲ, ಆ ಗುರುತು ಕೆಟ್ಟುಹೋಗಿದೆ, ಈಗ ತಲೆ ಬಗ್ಗಿಸಿ ನೀರನ್ನೇ ನೋಡುತ್ತಿದ್ದಾನೆ, ಹೆದರುವ ನೀರನ್ನು, ಇವಳೂ ನೋಡುತ್ತಾಳೆ, ನೀರಿನಡಿಯಲ್ಲಿ ಬೆಳ್ಳಗೆ, ಗಾಜಿನ ಕೆಳಗಿಟ್ಟ ಹಾಗೆ, ಅವನ ಕಾಲು, ಮುಂದೆ ಬರುತ್ತದೆ, ಮರಳನ್ನು ಮುಟ್ಟುತ್ತದೆ, ಸುಟ್ಟ ಹಾಗೆ ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ, ಎಡಕ್ಕೆ, ಇಲ್ಲ, ಬಲಕ್ಕೆ, ಬೆರಳುಗಳು ಒಂದೊಂದಾಗಿ ಮಡಚಿ ಮರಳನ್ನು ಹಿಡಿಯಲು ನೋಡುತ್ತವೆ, ಮರಳು ಜಾರುತ್ತದೆ, ಇದನ್ನು ಯಾರೂ ಕಲಿಸಲಾರರು, ಕಲಿಸಬಲ್ಲರೇ, ಇಲ್ಲ, ಇಷ್ಟು ನಡುಗುವುದನ್ನು ಕಲಿಯಲಾಗುವುದಿಲ್ಲ, ಹೂಂ ಅನ್ನೇ ಎನ್ನುತ್ತಿದೆ ಹಿಂದಿನಿಂದ ಚಿಕ್ಕಮ್ಮನ ದನಿ, ಇವಳ ಬಾಯಿ ತೆರೆದಿದೆ, ಆ ಕಾಲು ನೆಲ ಮುಟ್ಟಲಿ, ಮುಟ್ಟಿದ ಮೇಲೆ ಹೇಳುತ್ತೇನೆ, ಮುಟ್ಟಲಿ, ಇನ್ನೂ ಮುಟ್ಟಿಲ್ಲ, ನೀರಿನಡಿಯಲ್ಲಿ, ಬೆಳ್ಳಗೆ, ಹುಡುಕುತ್ತಿದೆ, ಆ ಕಾಲು ಹುಡುಕುತ್ತಿದೆ —